ಮಾಮನಿಗೆ ಇಟ್ಟ ಎಡೆ

ಕಾಯಿಲೆ ಬಿದ್ದು ಎದ್ದವರು ಬರೆಯಲು ಕೂತರೆ ಮೊದಲು ದೇವರಿಗೆ ಕೈಮುಗಿಯುತ್ತಾರೆ, ಆಮೇಲೆ ಡಾಕ್ಟರಿಗೆ. ನನಗೂ ಕೈಮುಗಿಯಬೇಕಾದ ಒಬ್ಬಿಬ್ಬರಿದ್ದಾರೆ, ಅವರ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಮುಂಚೆ ನಾನು ಕ್ಷಮಿಸದವರ ವಿಷಯ ಹೇಳಬೇಕು, ಯಾಕೆಂದರೆ ಕಾಯಿಲೆ ಬಂದದ್ದು ಅವರಿಂದ. "ಕ್ಷಮಿಸಿಬಿಡು, ಮನಸ್ಸು ಹಗುರಾಗುತ್ತೆ, ಕಾಯಿಲೆ ತಾನಾಗಿ ಹೋಗುತ್ತೆ" ಎಂದು ನನಗೆ ಬುದ್ಧಿ ಹೇಳದವರಿಲ್ಲ. ನಾನು ಕ್ಷಮಿಸಲಿಲ್ಲ. ಆದರೂ ಬಹುಮಟ್ಟಿಗೆ ವಾಸಿಯಾದೆ. ಕ್ಷಮಿಸಲಾಗದೆ, ಅದೂ ತನ್ನದೇ ತಪ್ಪೆಂದು ಕೊರಗುತ್ತ ಯಾವ ಮನೆಯಲ್ಲಾದರೂ ಒಬ್ಬ ಹೆಂಗಸು ಕೂತಿದ್ದರೆ, ಇದು ಅವಳಿಗಾಗಿ.

ನನ್ನನ್ನು ಹದಿನೈದು ತುಂಬುವ ಹೊತ್ತಿಗೆ ಸೋದರಮಾವನಿಗೆ ಕೊಟ್ಟರು. ನಮ್ಮ ಕಡೆ ಅದೇನೂ ವಿಶೇಷವಲ್ಲ. ಬೂದಿಕೋಟೆಯ ಹತ್ತಿರದ ಹಳ್ಳಿಯಲ್ಲಿ ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನನ್ನೂ ಅಜ್ಜಿಯನ್ನೂ ಕರೆದುಕೊಂಡು ಬಂಗಾರಪೇಟೆಗೆ ಬಂದು, ರೈಲ್ವೆ ಗೂಡ್ಸ್ ಶೆಡ್ಡಿನ ಹಿಂದೆ ಎರಡು ಎಮ್ಮೆ ಕಟ್ಟಿಕೊಂಡು ಹಾಲು ಮಾರುತ್ತಿದ್ದಳು. ಅಮ್ಮನ ತಮ್ಮ ಕೆ.ಜಿ.ಎಫ್.ನಲ್ಲಿ ಗಣಿಯೊಳಗೆ ಇಳಿಯುವ ಕೆಲಸದಲ್ಲಿದ್ದ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಗಂಡನ ಹೆಸರು ಹೇಳಬಾರದೆಂಬ ನೇಮಕ್ಕಲ್ಲ, ಅಚ್ಚಿನಲ್ಲಿ ಉಳಿಯುವ ಯೋಗ್ಯತೆ ಆ ಹೆಸರಿಗೆ ಇಲ್ಲವೆಂದು. ಮಾಮ ಎನ್ನುತ್ತಿದ್ದೆ, ಹಾಗೇ ಇರಲಿ.

ಸೋದರಮಾವನನ್ನು ಕಟ್ಟಿಕೊಂಡರೆ ಒಂದು ಅನುಕೂಲವಿದೆ ಎನ್ನುತ್ತಾರೆ: ಹೆಣ್ಣು ಹೊರಗೆ ಹೋಗುವುದಿಲ್ಲ. ಅದೇ ನನಗೆ ಮುಳುವಾಯಿತು. ಅತ್ತೆ ಯಾರು? ನನ್ನ ಅಜ್ಜಿ. ಗಂಡನ ಅಕ್ಕ ಯಾರು? ನನ್ನ ಅಮ್ಮ. ಗಂಡನ ಮನೆಯಲ್ಲಿ ಕಷ್ಟವೆಂದು ಹೇಳಿಕೊಳ್ಳಲು ಹೆಣ್ಣುಮಕ್ಕಳಿಗೆ ತವರು ಎನ್ನುವುದೊಂದು ಇರುತ್ತದೆ. ನನ್ನ ತವರು ಅವನಿಗೂ ತವರು. ಬೇಲಿಯೇ ಎದ್ದು ಹೊಲ ಮೇಯುತ್ತಿದ್ದರೆ ಯಾರನ್ನು ಕೂಗುವುದು.

ಕೆ.ಜಿ.ಎಫ್.ನಲ್ಲಿ ಕೂಲಿ ಲೈನಿನ ಮನೆ. ಮೇಲೆ ತಗಡು, ಸುತ್ತ ಮಣ್ಣು ಮೆತ್ತಿದ ಬಿದಿರ ತಟ್ಟಿ. ಪಾಳಿ ಮುಗಿದಾಗ ಗಣಿಯ ಸೈರನ್ ಕೂಗುತ್ತಿತ್ತು, ಅದಕ್ಕೆ ಅಲ್ಲಿ ಎಲ್ಲರೂ ಸಂಗು ಎನ್ನುತ್ತಿದ್ದರು. ಸಂಗು ಊದಿ ಅರ್ಧ ಗಂಟೆಗೆ ಮಾಮ ಬಾಗಿಲಲ್ಲಿರುತ್ತಿದ್ದ. ಆ ಅರ್ಧ ಗಂಟೆಯಲ್ಲಿ ನಾನು ನೀರು ಕಾಯಿಸಿ, ಮುದ್ದೆ ಕಟ್ಟಿ, ನೆಲ ಒರೆಸಿ, ಹೋಗಿ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿರಬೇಕು. ನನ್ನ ಮುಖ ಕಂಡರೆ ಅವನಿಗೆ ಅನ್ನ ಇಳಿಯದಂತೆ. ಉಂಡಾದ ಮೇಲೆ ಸೊಂಟದ ಬೆಲ್ಟು ಬಿಚ್ಚುತ್ತಿದ್ದ. ಕೆಲವು ದಿನ ಬಿಚ್ಚಿ ಗೂಟಕ್ಕೆ ತೂಗುಹಾಕಿ ಮಲಗುತ್ತಿದ್ದ, ಕೆಲವು ದಿನ ಇಲ್ಲ. ಯಾವ ದಿನ ಯಾವುದೆಂದು ಬೆನ್ನಿಗೆ ತಿಳಿಯುತ್ತಿರಲಿಲ್ಲ. ಹೊಡೆತಕ್ಕಿಂತ ಅದೇ ನನ್ನನ್ನು ಅರೆದು ಹಾಕಿತು. ಹೀಗೆ ಒಂಬತ್ತು ವರ್ಷ.

ಒಂದು ಸಲ ಓಡಿಹೋದೆ. ಮಣಿಕಟ್ಟು ಮುರಿದಿತ್ತು. ರೈಲು ಹತ್ತಿ ಬಂಗಾರಪೇಟೆಗೆ ಬಂದು ಅಮ್ಮನ ಮುಂದೆ ಕೈ ಚಾಚಿದೆ. ಅವಳು ನೋಡಿದಳು. ಕೈಯನ್ನೂ ನೋಡಿದಳು, ಬೆನ್ನನ್ನೂ ನೋಡಿದಳು. ಅರಿಸಿನ ಅರೆದು ಹಚ್ಚಿ ಬಟ್ಟೆ ಸುತ್ತಿದಳು.

"ನಮ್ಮ ತಮ್ಮ ಅಂತೋನಲ್ಲ ಕಣೇ ಲಚ್ಚಿ. ನೀನೇನೋ ಎದುರು ಮಾತಾಡಿರ್ತೀಯ."

"ಇಲ್ಲಮ್ಮ."

"ಅವುನ್ನ ಎತ್ತಿ ಆಡಿಸ್ದೋಳು ನಾನು, ನಂಗೊತ್ತಿಲ್ವಾ? ಏಳು, ಸಾಯಂಕಾಲದ ರೈಲಿಗೆ ಓಗಾನ."

ಅದೇ ದಿನ ಅವಳೇ ನನ್ನನ್ನು ಕರೆದುಕೊಂಡು ಹೋಗಿ ಬಿಟ್ಟು, ತಮ್ಮನಿಗೆಂದು ತಂದಿದ್ದ ಗಟ್ಟಿ ಮೊಸರಿನ ಕುಡಿಕೆಯನ್ನು ಒಲೆಯ ಪಕ್ಕದಲ್ಲಿಟ್ಟು ಹೊರಟಳು. ಅಂದಿನಿಂದ ನಾನು ಎಲ್ಲಿಗೂ ಓಡಲಿಲ್ಲ.

ಅಕ್ಕಪಕ್ಕದವರಿಗೆ ಕೇಳಿಸುತ್ತಿರಲಿಲ್ಲವೇ? ತಟ್ಟಿ ಮನೆಯಲ್ಲಿ ಪಕ್ಕದವರು ಸೀನಿದರೂ ಕೇಳುತ್ತದೆ. ಎಲ್ಲರಿಗೂ ಕೇಳುತ್ತಿತ್ತು. ಮರುದಿನ ನಲ್ಲಿಯ ಹತ್ತಿರ ಎಲ್ಲರೂ ನನಗೆ ಮುಂದೆ ಜಾಗ ಬಿಡುತ್ತಿದ್ದರು. ಅವರ ದಯೆ ಅಷ್ಟಕ್ಕೆ ಮುಗಿಯಿತು.

ಗಣಿಯೊಳಗೆ ಬಂಡೆ ಸಿಡಿದರೆ ಏರ್‌ಬ್ಲಾಸ್ಟ್ ಎನ್ನುತ್ತಿದ್ದರು. ನೆಲ ನಡುಗಿ ಪಾತ್ರೆ ಪಗಡೆ ಉರುಳುತ್ತಿದ್ದವು. ಲೈನಿನ ಹೆಂಗಸರೆಲ್ಲ ಎದೆ ಬಡಿದುಕೊಂಡು ಗಣಿಯ ಗೇಟಿಗೆ ಓಡುತ್ತಿದ್ದರು, ನಾನೂ ಓಡುತ್ತಿದ್ದೆ. ಅವರೆಲ್ಲ "ನಮ್ಮವರು ಆಗದಿರಲಿ" ಎಂದು ಬೇಡಿಕೊಳ್ಳುತ್ತಿದ್ದರು. ನಾನು ಬೇಡಿಕೊಳ್ಳುತ್ತಿದ್ದುದು ಬೇರೆ. ಒಂಬತ್ತನೆಯ ವರ್ಷ ಒಂದು ಬೆಳಗ್ಗೆ ದೇವರಿಗೆ ಕೇಳಿಸಿತು. ಗೇಟಿನಲ್ಲಿ ಸತ್ತವರ ಪೈಕಿ ಮಾಮನ ಹೆಸರು ಕೂಗಿದಾಗ ಪಕ್ಕದ ಮನೆಯ ಸೆಲ್ವಿ ನನ್ನನ್ನು ಹಿಡಿದುಕೊಂಡಳು, ನಾನು ಬೀಳುತ್ತೇನೆಂದು. ನಾನು ಬೀಳಲಿಲ್ಲ. ನನಗೆ ಸಂತೋಷವಾಗಿತ್ತು. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

ಐದು ವರ್ಷದ ಮಗಳು ಸರಸುವನ್ನು ಕರೆದುಕೊಂಡು ಬಂಗಾರಪೇಟೆಗೆ, ಅಮ್ಮನ ಮನೆಗೇ ಬಂದೆ. ಬೇರೆ ಎಲ್ಲಿಗೆ ಹೋಗಲಿ? ಅವನು ಸತ್ತ ಮೇಲೆ ಚೆನ್ನಾಗಿರುತ್ತೇನೆ ಎಂದುಕೊಂಡಿದ್ದೆ. ಕಾಯಿಲೆ ಶುರುವಾದದ್ದು ಆಗ.

ಬಂಗಾರಪೇಟೆಯಲ್ಲಿ ಸಂಗು ಇರಲಿಲ್ಲ, ರೈಲಿತ್ತು. ಇಂಜಿನ್ ಕೂಗಿದರೆ ಸಾಕು, ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದೆ. ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಜಂಕ್ಷನ್ನಿನ ಊರಿನಲ್ಲಿ ದಿನಕ್ಕೆ ಎಷ್ಟು ರೈಲು ಕೂಗುತ್ತವೆಂದು ನೀವೇ ಯೋಚಿಸಿ. ಹಾಲು ಕರೆಯುತ್ತಿದ್ದವಳು ಎದ್ದು ಹೋಗುತ್ತಿದ್ದೆ, ಎಮ್ಮೆ ಒದ್ದು ಚೊಂಬು ಉರುಳಿಸುತ್ತಿತ್ತು. ಯಾರಾದರೂ ಹಿಂದಿನಿಂದ ಬಂದು ಮುಟ್ಟಿದರೆ ಕಿರುಚುತ್ತಿದ್ದೆ. ತೊಗಲಿನ ವಾಸನೆಗೆ ವಾಂತಿ. ಉಣ್ಣಲು ಕೂತರೆ, ಉಣ್ಣಲು ನಾನ್ಯಾರು ಎಂಬ ನಾಚಿಕೆ. ಈಚೆಗೆ ಒಬ್ಬ ಡಾಕ್ಟರು ಇದಕ್ಕೆಲ್ಲ ಉದ್ದನೆಯ ಇಂಗ್ಲಿಷ್ ಹೆಸರು ಹೇಳಿದರು. ಆಗ ನಮ್ಮ ಮನೆಯಲ್ಲಿ ಇದಕ್ಕಿದ್ದ ಹೆಸರು ಗಾಳಿ.

ಅಮ್ಮ ಮತ್ತು ಅಜ್ಜಿ ಕಾಮಸಮುದ್ರದ ಕಡೆ ಶಾಸ್ತ್ರ ಹೇಳುವ ಒಬ್ಬಳ ಹತ್ತಿರ ಹೋಗಿ ಬಂದರು. ಅವಳು ಹೇಳಿದ್ದು: ಗಂಡ ಆಸೆ ತೀರದೆ ಸತ್ತಿದ್ದಾನೆ, ಹೆಂಡತಿಯ ಮೇಲೆ ಪ್ರಾಣ ಇಟ್ಟಿದ್ದವನು, ಬಿಟ್ಟು ಹೋಗಲಾರದೆ ಮೈಮೇಲೆ ಬರುತ್ತಿದ್ದಾನೆ. ಅಮಾವಾಸ್ಯೆ ಅಮಾವಾಸ್ಯೆಗೆ ಅವಳ ಕೈಯಿಂದಲೇ ಎಡೆ ಇಡಿಸಿ, ತಪ್ಪು ಒಪ್ಪಿಸಿ.

"ನಾ ಕೊಡುಕು ಬಂಗಾರಂ," ಎಂದು ಅಜ್ಜಿ ತೆಲುಗಿನಲ್ಲಿ ಅತ್ತಳು, ತನ್ನ ಮಗ ಬಂಗಾರವೆಂದು. "ಸತ್ರೂವೆ ಎಂಡ್ತೀನ ಬಿಟ್ಟಿರನಾರ ನೋಡು." ಹೆತ್ತವರಿಗೆ ಹೆಗ್ಗಣ ಮುದ್ದು, ಸರಿ. ಆದರೆ ಆ ಹೆಗ್ಗಣಕ್ಕೆ ನನ್ನಿಂದ ಪೂಜೆ ಮಾಡಿಸಿದರು.

ಸತ್ತವರಿಗೆ ಎಡೆ ಇಡುವುದು ನಮ್ಮಲ್ಲಿ ಎಲ್ಲರೂ ಮಾಡುವುದೇ. ಸತ್ತವರು ಇಷ್ಟಪಟ್ಟು ತಿನ್ನುತ್ತಿದ್ದದ್ದನ್ನು ಎಲೆಯ ಮೇಲೆ ಬಡಿಸಿ, ಅವರು ಉಡುತ್ತಿದ್ದದ್ದನ್ನು ಪಕ್ಕದಲ್ಲಿಟ್ಟು, ಧೂಪ ಹಾಕಿ, ಹೆಸರು ಹಿಡಿದು ಕರೆದು, ಇಂಥದ್ದು ಮಾಡಿದೀವಿ ಬಂದು ಉಣ್ಣು ಎಂದು ಒಂದೊಂದಾಗಿ ಹೇಳಬೇಕು. ಆಮೇಲೆ ಸ್ವಲ್ಪ ಹೊತ್ತು ಬಾಗಿಲು ಮುಚ್ಚುತ್ತಾರೆ, ಅವರು ನೆಮ್ಮದಿಯಾಗಿ ಉಣ್ಣಲಿ ಎಂದು. ಮಾಮನ ಎಲೆಯ ಪಕ್ಕ ಅಮ್ಮ ಇಟ್ಟದ್ದು ಅವನ ಪಂಚೆ, ಗಣಿಯ ಟೋಪಿ, ಬೆಲ್ಟು. ಬೆಲ್ಟಿಗೆ ಅರಿಸಿನ ಕುಂಕುಮ. ನಾನು ಅಡ್ಡಬಿದ್ದು "ತಪ್ಪಾಯ್ತು ಮಾಮ" ಎನ್ನಬೇಕು. ಮತ್ತೆ ನನ್ನೊಬ್ಬಳನ್ನು ಎಡೆಯ ಮುಂದೆ ಕೂರಿಸಿ ಹೊರಗಿನಿಂದ ಬಾಗಿಲು ಎಳೆದುಕೊಳ್ಳುತ್ತಿದ್ದರು. ಅವನ ಎಲೆಯ ಎಂಜಲನ್ನು ಮೊದಲು ನಾನು ತಿನ್ನಬೇಕು.

ಎರಡು ವರ್ಷ ಹೀಗೆ ನಡೆಯಿತು. ನನ್ನನ್ನು ಒಂಬತ್ತು ವರ್ಷ ಹೊಡೆದವನನ್ನು ಮಣ್ಣು ಮಾಡಿದ ಮೇಲೆ, ತಿಂಗಳಿಗೊಮ್ಮೆ ಕರೆದು ಕೂರಿಸಿ ನನ್ನ ಜೊತೆ ಕೋಣೆಯಲ್ಲಿಟ್ಟು ಬಾಗಿಲು ಮುಚ್ಚಿದವರು ನನ್ನ ಹೆತ್ತತಾಯಿ ಮತ್ತು ಅವಳ ತಾಯಿ. ಕಾಯಿಲೆ ಹೆಚ್ಚಾದಷ್ಟೂ ಎಡೆಯ ಮೇಲೆ ಒಂದೊಂದು ಪದಾರ್ಥ ಹೆಚ್ಚಾಯಿತು. ಅವರು ಕೆಟ್ಟದ್ದು ಬಯಸಿ ಮಾಡಲಿಲ್ಲ ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಅದರಿಂದ ನನ್ನ ಸಿಟ್ಟು ಒಂದು ಗುಲಗಂಜಿಯಷ್ಟೂ ಇಳಿಯುವುದಿಲ್ಲ.

ಸೆಲ್ವಿ ಒಂದು ದಿನ ನನ್ನನ್ನು ನೋಡಲು ಬಂದಳು. ಅಂದೇ ಅಮಾವಾಸ್ಯೆ. ಎಡೆ ನೋಡಿ ಅವಳು ಬಾಗಿಲಲ್ಲೇ ನಿಂತುಬಿಟ್ಟಳು.

"ಎನ್ನ ಅಕ್ಕಾ ಇದು? ಆ ಬೆಲ್ಟುಗಾ ಪೂಜೆ?" ಎಂದಳು ತನ್ನ ತಮಿಳಿನಲ್ಲಿ, ಏನಕ್ಕ ಇದು ಎಂದು.

ಅಷ್ಟರಲ್ಲಿ ಮದರಾಸಿನ ಕಡೆಯ ರೈಲು ಕೂಗಿತು. ನಾನು ಎದ್ದು ಮೂಲೆಗೆ ಹೋದೆ. ಆಮೇಲೆ ನಡೆದದ್ದನ್ನು ನಾನು ನೋಡಲಿಲ್ಲ, ಸೆಲ್ವಿ ಹೇಳಿದಳು. ಅಂಗಳದಲ್ಲಿ ಆಡುತ್ತಿದ್ದ ಸರಸು ಬಂದು, ನನ್ನ ಪಕ್ಕದಲ್ಲಿ, ನನ್ನ ಹಾಗೇ ಗೋಡೆಗೆ ಮುಖ ಮಾಡಿ ಕೈ ಕಟ್ಟಿ ನಿಂತಳಂತೆ. ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ರೈಲು ಕೂಗಿದರೆ ಹೆಂಗಸರು ಹೀಗೆ ನಿಲ್ಲಬೇಕು ಎಂದು ಮಗು ತಿಳಿದುಕೊಂಡಿತ್ತು.

ಸೆಲ್ವಿ ನನ್ನ ಎರಡೂ ಕೈ ಹಿಡಿದುಕೊಂಡಳು. "ಅಕ್ಕಾ, ಒಂಬತ್ತು ವರ್ಸ ನಂಗೂ ಕೇಳಿಸ್ತು. ತಟ್ಟಿ ಆ ಕಡೆ ಬಾಯಿ ಮುಚ್ಕೊಂಡು ಮಲ್ಕೊಂಡಿದ್ದೆ. ಪಾಪಿ ನಾನು. ಈ ಮಗೂನೂ ಗೋಡೆ ನೋಡ್ಕೊಂಡು ನಿಂತ್ರೆ ಆ ಪಾಪಾನೂ ನಂದೇ. ಗುರುವಾರ ಬರ್ತೀನಿ. ಆಸ್ಪತ್ರೆಗೆ ಹೋಗಣ."

ಆ ಲೈನಿನಲ್ಲಿ ಅಷ್ಟು ಮನೆಗಳಲ್ಲಿ ಅವಳೊಬ್ಬಳೇ 'ನನಗೆ ಕೇಳಿಸಿತು' ಎಂದದ್ದು. ಅವಳನ್ನು ಅಂದೇ ಕ್ಷಮಿಸಿದೆ. ಕ್ಷಮಿಸುವುದು ನನಗೆ ಗೊತ್ತಿಲ್ಲವೆಂದು ಯಾರೂ ಹೇಳದಿರಲಿ.

ಆಸ್ಪತ್ರೆ ಕೆ.ಜಿ.ಎಫ್.ನಲ್ಲೇ. ಅಂದರೆ ಆ ರೈಲು ಹತ್ತಬೇಕು, ಆ ಊರಿನಲ್ಲಿ ಇಳಿಯಬೇಕು. ಕಾಯುವ ವರಾಂಡದಲ್ಲಿ ಉದ್ದನೆಯ ಬೆಂಚು, ಅದರ ತುಂಬ ಗಣಿಯ ಧೂಳಿಗೆ ಎದೆ ಕೆಟ್ಟು ಕೆಮ್ಮುವ ಗಂಡಸರು, ಅವರನ್ನು ಕರೆತಂದ ಹೆಂಗಸರು. ನನ್ನ ಸರದಿ ಬರುವ ಮೊದಲೇ ಸಂಗು ಊದಿತು. ಸೀರೆ ಒದ್ದೆಯಾಗಿ, ಬೆಂಚಿನಿಂದ ನೆಲಕ್ಕೆ ತೊಟ್ಟಿಕ್ಕಿತು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಪಕ್ಕದಲ್ಲಿ ಕೂತಿದ್ದ ಮುದುಕಿ, ಯಾರೋ, ಹೆಸರೂ ಕೇಳಲಿಲ್ಲ, ತನ್ನ ಗಂಡ ಹೊದ್ದಿದ್ದ ಶಾಲನ್ನು ಎಳೆದು ನನ್ನ ಮಡಿಲ ಮೇಲೆ ಹಾಕಿ, ಕೂಜದಲ್ಲಿದ್ದ ನೀರನ್ನು ಬೇಕೆಂದೇ ನೆಲಕ್ಕೆ ಚೆಲ್ಲಿದಳು. "ಅಯ್ಯೋ, ನನ್ನ ಕೈ ಸುಡ, ನೀರು ಚೆಲ್ಬಿಟ್ಟೆ ನೋಡಮ್ಮ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಸೆರಗಿನಿಂದ ಒರೆಸತೊಡಗಿದಳು. ನಾನು ಕೈಮುಗಿಯಬೇಕಾದವರಲ್ಲಿ ಆಕೆ ಮೊದಲನೆಯವಳು.

ಡಾಕ್ಟರಮ್ಮನಿಗೆ ವಯಸ್ಸಾಗಿತ್ತು. ಎಲ್ಲಿಯವರೋ, ಪುಸ್ತಕದ ಕನ್ನಡ ಮಾತಾಡುತ್ತಿದ್ದರು. ನಾನು ಒಳಗೆ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ ಇದು: "ಬಾಗಿಲು ತೆರೆದಿರಲೋ, ಮುಚ್ಚಲೋ?"

ಹುಟ್ಟಿದಾಗಿನಿಂದ ನನ್ನ ಇಷ್ಟವನ್ನು ಯಾರೂ ಕೇಳಿರಲಿಲ್ಲ. ಬಾಗಿಲನ್ನೇ ನೋಡುತ್ತ ತುಂಬ ಹೊತ್ತು ಅತ್ತೆ. ಅವರು ಕಾದರು. ಆಮೇಲೆ "ತೆಗ್ದಿರ್ಲಿ" ಎಂದೆ.

ಬೆನ್ನು ನೋಡಿದರು, ಸೊಟ್ಟಗೆ ಕೂಡಿಕೊಂಡಿದ್ದ ಮಣಿಕಟ್ಟನ್ನು ನೋಡಿದರು. ಕೇಳಿದ್ದಕ್ಕೆಲ್ಲ ಸೆಲ್ವಿಯೇ ಉತ್ತರ ಕೊಟ್ಟಳು.

"ಯುದ್ಧದಿಂದ ಹಿಂತಿರುಗಿದ ಸಿಪಾಯಿಗಳಲ್ಲಿ ಇಂಥದ್ದನ್ನು ಕಂಡಿದ್ದೇನೆ," ಎಂದರು ಡಾಕ್ಟರಮ್ಮ. "ನೀನು ಯಾವ ಯುದ್ಧಕ್ಕೆ ಹೋಗಿದ್ದೆ, ತಾಯಿ?"

"ಮಾಮನ ಮನೆಗೆ," ಎಂದೆ.

ಅವರು ನಗಲಿಲ್ಲ. "ನಿನಗೆ ಗಾಳಿಯೂ ಇಲ್ಲ, ದೆವ್ವವೂ ಇಲ್ಲ. ಅವನು ಸತ್ತ ಸುದ್ದಿ ನಿನ್ನ ಮೈಗೆ ಇನ್ನೂ ಮುಟ್ಟಿಲ್ಲ, ಅಷ್ಟೆ. ಮುಟ್ಟಿಸೋಣ. ಇದಕ್ಕೆ ಸರಿಯಾದ ಔಷಧಿ ನನಗೆ ಗೊತ್ತಿಲ್ಲ, ಸುಳ್ಳು ಹೇಳುವುದಿಲ್ಲ. ನಿದ್ದೆಗೆ ಮಾತ್ರೆ ಕೊಡುತ್ತೇನೆ. ಗುರುವಾರ ಗುರುವಾರ ಬಾ. ನೀನು ಹೇಳು, ನಾನು ಕೇಳುತ್ತೇನೆ."

ಮೊದಮೊದಲು ಅವರ ಕೋಣೆಯ ಗಡಿಯಾರ ನೋಡುತ್ತ ಕೂತು ಎದ್ದು ಬರುತ್ತಿದ್ದೆ. ರೈಲು ಕೂಗಿದಾಗ ಮೂಲೆಗೆ ಹೋಗುವ ಬದಲು ಅಂಗಳಕ್ಕೆ ಹೋಗಿ, ಕಣ್ಣಿಗೆ ಬಿದ್ದದ್ದರ ಹೆಸರು ಜೋರಾಗಿ ಹೇಳಬೇಕೆಂದು ಹೇಳಿಕೊಟ್ಟರು. ಎಮ್ಮೆ, ಗೂಟ, ಹುಲ್ಲು, ಸರಸು. ಹತ್ತರಲ್ಲಿ ಎಂಟು ಸಲ ಮೂಲೆಗೇ ಹೋಗಿರುತ್ತಿದ್ದೆ. ಎರಡು ಸಲ ಅಂಗಳದಲ್ಲಿರುತ್ತಿದ್ದೆ. ಸರಸು ನನ್ನ ಜೊತೆ ಅಂಗಳಕ್ಕೂ ಬರುತ್ತಿದ್ದಳು, ಮೂಲೆಗೂ ಬರುತ್ತಿದ್ದಳು. ಅದನ್ನು ನೋಡಿಯೇ ಮತ್ತೆ ಗುರುವಾರ ರೈಲು ಹತ್ತುತ್ತಿದ್ದೆ, ಇಲ್ಲದಿದ್ದರೆ ಎಂದೋ ಬಿಟ್ಟುಬಿಡುತ್ತಿದ್ದೆ.

"ಸಿಟ್ಟು ಬರುತ್ತದೆಯೇ?" ಎಂದು ಡಾಕ್ಟರಮ್ಮ ಪ್ರತಿಸಲವೂ ಕೇಳುತ್ತಿದ್ದರು. ಇಲ್ಲ ಎನ್ನುತ್ತಿದ್ದೆ. ನಿಜವಾಗಿಯೂ ಬರುತ್ತಿರಲಿಲ್ಲ. ಭಯ ಇತ್ತು, ನಾಚಿಕೆ ಇತ್ತು, ಸಿಟ್ಟಿಗೆ ಜಾಗವೇ ಇರಲಿಲ್ಲ. ಸುಮಾರು ಏಳೆಂಟು ತಿಂಗಳಾದ ಮೇಲೆ ಒಂದು ಗುರುವಾರ, ಅಮ್ಮ ಒಲೆಯ ಪಕ್ಕ ಇಟ್ಟುಹೋದ ಆ ಮೊಸರಿನ ಕುಡಿಕೆಯ ವಿಷಯ ಹೇಳುತ್ತಿದ್ದೆ. ಹೇಳುತ್ತ ಹೇಳುತ್ತ ಕೈ ತಾನಾಗಿ ಎದ್ದು, ಮೇಜಿನ ಮೇಲಿದ್ದ ಗಾಜಿನ ಲೋಟವನ್ನು ತೆಗೆದು ಗೋಡೆಗೆ ಅಪ್ಪಳಿಸಿತು. ಹೊಡೆತಕ್ಕೆ ಕಾದು ತಲೆಯ ಮೇಲೆ ಕೈ ಇಟ್ಟುಕೊಂಡೆ.

ಡಾಕ್ಟರಮ್ಮ ಎದ್ದು ಕಸಬರಿಕೆ ತಂದರು. "ಬಂತಲ್ಲ," ಎಂದರು, ಹೆರಿಗೆ ಮಾಡಿಸಿದವರ ಹಾಗೆ ಬೆವರು ಒರೆಸಿಕೊಂಡು. "ಇನ್ನು ನೀನು ಉಳಿದೆ."

ಮಾಮನನ್ನು ಕ್ಷಮಿಸಬೇಕೇ ಎಂದು ಕೇಳಿದೆ. "ಅದು ನನ್ನ ಕೆಲಸವಲ್ಲ, ನಿನ್ನದೂ ಅಲ್ಲ. ಎಡೆ ಇಡುವುದು ಬಿಡುವುದು ನಿನ್ನ ಇಷ್ಟ. ಬಾಗಿಲು ಮಾತ್ರ ಮುಚ್ಚಿಸಿಕೊಳ್ಳಬೇಡ."

ಆ ವರ್ಷದ ಮಹಾಲಯ ಅಮಾವಾಸ್ಯೆಗೆ ಬೂದಿಕೋಟೆಯ ಕಡೆಯಿಂದ ನೆಂಟರೆಲ್ಲ ಬಂದರು. ಎಲ್ಲ ಹಿರಿಯರಿಗೂ ಸೇರಿಸಿ ಎಡೆ ಇಡುವ ದಿನ. ಮಧ್ಯಾಹ್ನ ಎಲೆ ಹಾಕಿದರು, ಮಾಮನ ಎಲೆ ಎಲ್ಲಕ್ಕಿಂತ ಅಗಲ. ಅಮ್ಮ ಸೌಟು ನನ್ನ ಕೈಗೆ ಕೊಟ್ಟಳು.

"ಕರಿ ಮಾಮನ್ನ. ಏನೇನ್ ಮಾಡಿದೀವಿ ಯೋಳು. ತಪ್ಪಾಯ್ತು ಅನ್ನು."

"ಬಾಗ್ಲು ಯಾರೂ ಮುಚ್ಬ್ಯಾಡಿ," ಎಂದೆ. ಎಲೆಯ ಮುಂದೆ ನಿಂತೆ, ಕೂರಲಿಲ್ಲ.

"ಬಾ ಮಾಮ, ಕೂತ್ಕೋ. ಇದು ಮುದ್ದೆ. ಮದ್ವೆಯಾದ ಎರಡ್ನೇ ವಾರ ಮುದ್ದೆ ಗಂಟಾಯ್ತು ಅಂತ, ಬಿಸಿ ಮುದ್ದೇನ ನನ್ನ ಅಂಗೈಗಿಟ್ಟು ಮುಷ್ಟಿ ಕಟ್ಸಿದ್ಯಲ್ಲ, ಆ ಮುದ್ದೆ. ಇದು ಬಾಡಿನ ಸಾರು. ಅಸಿ ಬಾಣಂತೀನ ಮೂಲೆಗ್ ನಿಲ್ಸಿ ನೀನೊಬ್ನೇ ಉಂಡ್ಯಲ್ಲ, ಆ ಸಾರು. ಇದು ಮೊಸ್ರು. ಕೈ ಮುರ್ಕೊಂಡು ಓಡಿಬಂದೋಳ್ನ ತಿರುಗ ನಿನ್ನತ್ರ ಬಿಡಾಕೆ ಬಂದಾಗ ನಿಮ್ಮಕ್ಕ ತಂದಿದ್ದ ಮೊಸ್ರು. ಇದು ನಿನ್ನ ಬೆಲ್ಟು. ಇದು ನನ್ನ ಬೆನ್ನಾಗ್ ಏನ್ ಬರ್ದೈತೆ ಅಂತ ನಾ ಯೋಳಲ್ಲ. ಅರಿಸಿನ ಅಚ್ಚಿದೋಳು ಇಲ್ಲೇ ಅವ್ಳೆ, ಅವ್ಳೇ ಯೋಳ್ತಾಳೆ."

ಅಜ್ಜಿ ಎದೆ ಬಡಿದುಕೊಂಡು "ನಾ ಕೊಡುಕೂ" ಎಂದು ಶುರುಮಾಡಿದಳು. ಹಿರಿಯನೊಬ್ಬ ಎದ್ದು, "ಸತ್ತೋರ್ ಮುಂದೆ ಇಂತಾ ಮಾತಾ? ಥೂ, ಇವ್ಳಿಗೆ ಗಾಳಿ ಬಿಟ್ಟಿಲ್ಲ, ನಡೀರ್ಲಾ" ಎಂದ. ಅಮ್ಮ ಮಾತ್ರ ನೆಲ ನೋಡುತ್ತ ಕೂತಿದ್ದಳು. ಇಲ್ಲ ಎನ್ನಲಿಲ್ಲ. ಈಗಲೂ "ನಮ್ಮ ತಮ್ಮ ಅಂತೋನಲ್ಲ" ಎನ್ನಲಿ ನೋಡೋಣ ಎಂದು ನಾನು ಸೌಟು ಹಿಡಿದು ಕಾಯುತ್ತಿದ್ದೆ.

ಆಮೇಲೆ ಸರಸುವನ್ನು ಕರೆದು ಮಾಮನ ಎಲೆಯ ಮುಂದೆ ಕೂರಿಸಿದೆ. ಹಿರಿಯರಿಗಿಂತ ಮೊದಲು ಎಡೆಯನ್ನು ಮುಟ್ಟುವುದು ನಮ್ಮಲ್ಲಿ ಮಹಾಪಾಪ. "ಉಣ್ಣವ್ವ," ಎಂದೆ. ಮಗು ಒಮ್ಮೆ ನನ್ನ ಮುಖ ನೋಡಿತು, ಒಮ್ಮೆ ಅಲ್ಲಿದ್ದವರ ಮುಖವನ್ನೆಲ್ಲ ನೋಡಿತು. ಮುದ್ದೆ ಮುರಿದು ಸಾರಿಗೆ ಅದ್ದಿತು.

"ಎಂಗೈತೆ?"

"ಉಪ್ಪು ಕಮ್ಮಿ," ಎಂದಳು.

ನಗು ಬಂತು. ವರ್ಷಗಟ್ಟಲೆ ಆ ಮನೆಯಲ್ಲಿ ನಾನು ನಕ್ಕಿರಲಿಲ್ಲ. ನೆಂಟರು ಉಣ್ಣದೆ ಎದ್ದು ಹೋದರು. ಅಷ್ಟು ಬಾಡಿನ ಸಾರನ್ನು ಕಾಯಿಸಿ ಕಾಯಿಸಿ ಎರಡು ದಿನ ನಾನೂ ಮಗಳೂ ಉಂಡೆವು. ಬೆಲ್ಟನ್ನು ಸ್ಟೇಷನ್ನಿನ ಹತ್ತಿರ ಮೆಟ್ಟು ಹೊಲಿಯುವವನಿಗೆ ಕೊಟ್ಟೆ. ಒಳ್ಳೆ ತೊಗಲೆಂದು ಹೊಗಳಿದ. ಸರಸುವಿನ ಚಪ್ಪಲಿಗೆ ಅಟ್ಟೆ ಹಾಕಿಸಿದೆ, ಅದು ಸವೆಯುವವರೆಗೂ ದಿನಾ ಶಾಲೆಗೆ ಮೆಟ್ಟಿಕೊಂಡು ಹೋದಳು.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದು ಬರೆದರೆ ಓದುವವರಿಗೆ ಮೋಸ ಮಾಡಿದಂತೆ. ಆಮೇಲೂ ಮೂರು ವರ್ಷ ಗುರುವಾರಗಳು ನಡೆದವು. ಮೂಲೆಗೆ ಹೋಗುವುದು ಹತ್ತರಲ್ಲಿ ಐದಾಯಿತು, ಒಂದಾಯಿತು, ಯಾವಾಗಲೋ ನಿಂತಿತು. ಸರಸುವಿಗೆ ಬೇಗ ನಿಂತಿತು, ಮಕ್ಕಳ ಮೈ ಬೇಗ ಮರೆಯುತ್ತದೆ. ಇಂದಿಗೂ ಬಾಗಿಲಿಗೆ ಬೆನ್ನು ಹಾಕಿ ಕೂರಲಾರೆ, ಹಿಂದಿನಿಂದ ಬಂದು ಕರೆದರೆ ಕೈಯಲ್ಲಿದ್ದದ್ದು ಬೀಳುತ್ತದೆ. ಇಷ್ಟು ಇಟ್ಟುಕೊಂಡು ಬದುಕಬಹುದು. ಓದಿದ್ದ ಏಳನೇ ಕ್ಲಾಸನ್ನು ಮತ್ತೆ ಕೆದಕಿಕೊಂಡು ಬಾಲವಾಡಿಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವ ಕೆಲಸಕ್ಕೆ ಸೇರಿದೆ.

ಅಜ್ಜಿ ಮಗನ ಗುಣಗಾನ ಮಾಡುತ್ತಲೇ ಕಣ್ಣು ಮುಚ್ಚಿದಳು. ಅರವತ್ತರ ದಶಕ ಮುಗಿಯುವ ಹೊತ್ತಿಗೆ ಅಮ್ಮ ಹಾಸಿಗೆ ಹಿಡಿದಳು. ಅವಳನ್ನು ನೋಡಿಕೊಂಡವಳು ನಾನೇ. ಎತ್ತಿ ಕೂರಿಸಿದೆ, ಮೈ ಒರೆಸಿದೆ, ಬೆನ್ನಿಗೆ ಹುಣ್ಣಾಗದಂತೆ ಹೊರಳಿಸಿದೆ. ಬೀದಿಯವರು "ಲಚ್ಚಿ ದೊಡ್ಡ ಮನಸಿನೋಳು, ಎಲ್ಲ ಮರೆತಳು" ಎಂದರು. ನಾನು ಏನೂ ಮರೆತಿಲ್ಲವೆಂದು ಅವರಿಗೇನು ಗೊತ್ತು.

ಒಂದು ಬೆಳಗ್ಗೆ ಗಂಜಿ ತೆಗೆದುಕೊಂಡು ಹೋದಾಗ ಅಮ್ಮ ನನ್ನ ಸೊಟ್ಟ ಮಣಿಕಟ್ಟನ್ನು ಹಿಡಿದುಕೊಂಡಳು. ಬಿಡಲಿಲ್ಲ.

"ಲಚ್ಚಿ, ಅವತ್ತು ನಂಗೊತ್ತಾಗಿತ್ತು. ಬೆನ್ನು ನೋಡ್ದಾಗ್ಲೇ ಗೊತ್ತಾಗಿತ್ತು. ಗೊತ್ತಾಗೇ ಕರ್ಕೊಂಡೋಗಿ ಬಿಟ್ಟೆ. ಇಸ್ಟು ದಿನ ನನ್ನ ನೋಡ್ಕಂಡೆ. ಮನ್ಸಿಂದ ತೆಗ್ದಾಕ್ದಾ? ಕ್ಸಮಿಸ್ದಾ ನನ್ನ?"

ಸುಳ್ಳು ಹೇಳುವುದು ಸುಲಭವಿತ್ತು. ಸಾಯುವವರಿಗೆ ಎಲ್ಲರೂ ಹೇಳುತ್ತಾರೆ. ಆದರೆ ಹಾಗೆ ಹೇಳಿದರೆ ನಾನು ಮತ್ತೆ ಗೋಡೆಯ ಕಡೆ ತಿರುಗುತ್ತೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅಮ್ಮನ ಕಣ್ಣನ್ನೇ ನೋಡಿದೆ.

"ಇಲ್ಲಮ್ಮ," ಎಂದೆ. "ಬಾಯ್ ತೆಗಿ, ಗಂಜಿ ಆರ್ತೈತೆ."

ಅಮ್ಮ ಬಾಯಿ ತೆರೆದಳು. ಲೋಟ ಪೂರ್ತಿ ಕುಡಿಸಿದೆ.